ತಾಯಿ ಕಾರ್ಡ್ ಸೇವೆ: ಮಾಸಿನ ಲೆಕ್ಕದಲ್ಲಿ ಎಷ್ಟು ಅಂಕ?

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಸುರಿಯ ಹೆಸರು ಬರೆಸಿದಾಗ ಕೈಗೆ ಬರುವ ತಾಯಿ ಕಾರ್ಡ್ ಬಗ್ಗೆ ಮಾತು ಬಂದರೆ ಹೆಚ್ಚಾಗಿ ಬರುವುದು ದುಡ್ಡಿನ ಪ್ರಶ್ನೆಗಳೇ. ಮಾತೃವಂದನಾ ಕಂತು ಬಂತಾ, ಹೆರಿಗೆಗೆ ಕೈಯಿಂದ ಎಷ್ಟು ಹೋಯಿತು, ಸ್ಕ್ಯಾನಿಂಗಿಗೆ ಹೊರಗೆ ಬರೆದುಕೊಟ್ಟರಾ. ಈ ವಿಮರ್ಶೆ ಅದನ್ನು ಪಕ್ಕಕ್ಕಿಟ್ಟು ಒಂದೇ ವಿಷಯ ನೋಡುತ್ತದೆ: ಆ ಕಾರ್ಡಿನ ಮೇಲೆ ಸಿಗುವ ತಪಾಸಣೆ, ಮಾತ್ರೆ, ಊಟ, ಸ್ಕ್ಯಾನಿಂಗ್ ಇವು ಮಾಸಿಗೆ, ಅಂದರೆ ಗರ್ಭಕೋಶದಲ್ಲಿ ಮಗುವನ್ನು ಪೋಷಿಸುವ ಪ್ಲಾಸೆಂಟಾಗೆ, ಎಷ್ಟು ಒದಗಿಬರುತ್ತವೆ? ತಾಯಿ ಉಂಡದ್ದು, ಉಸಿರಾಡಿದ್ದು ಎಲ್ಲವೂ ಮಗುವಿಗೆ ಸೇರಬೇಕಾದರೆ ಮಾಸನ್ನು ದಾಟಲೇಬೇಕು. ಮಾಸು ಸೋತರೆ ತಟ್ಟೆ ತುಂಬಿದ್ದರೂ ಮಗು ಸೊರಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮಾತ್ರೆ, ಊಟ, ಶುಗರ್ ಪರೀಕ್ಷೆ ಚೆನ್ನಾಗಿವೆ. ಸಾವಿರಾರು ರೂಪಾಯಿಯ ಖಾಸಗಿ 'ಪ್ರೆಗ್ನೆನ್ಸಿ ಪ್ಯಾಕೇಜ್' ಕೊಡುವುದಕ್ಕೆ ಇವು ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಬಿಪಿ ಮತ್ತು ಹೊಟ್ಟೆಯ ಅಳತೆ ಕ್ರಮದಲ್ಲಿ ಸರಿಯಿದೆ, ನಡೆಯುವ ರೀತಿ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಮೊದಲ 16 ವಾರದೊಳಗೆ ಆಗಬೇಕಾದ ಕೆಲಸದಲ್ಲಿ ಮತ್ತು 28 ವಾರದ ನಂತರ ಮಗುವಿನ ಬೆಳವಣಿಗೆಯ ಮೇಲೆ ಕಣ್ಣಿಡುವುದರಲ್ಲಿ ಅಂಕ ಕಳೆಯಲೇಬೇಕು.

ಮೊದಲ 16 ವಾರಕ್ಕೆ ಇಷ್ಟು ಒತ್ತು ಏಕೆ? ಗರ್ಭಕೋಶದ ಗೋಡೆಯಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ರಕ್ತನಾಳಗಳಿವೆ. ಭ್ರೂಣದ ಕಡೆಯ ಟ್ರೋಫೋಬ್ಲಾಸ್ಟ್ ಕೋಶಗಳು ಈ ನಾಳಗಳೊಳಗೆ ಇಳಿಯುತ್ತವೆ. ಮೊದಲ 10–12 ವಾರ ಅವು ನಾಳದ ಬಾಯಿಗೆ ಬಿರಡೆಯಂತೆ ಕೂತು ತಾಯಿಯ ರಕ್ತ ಜೋರಾಗಿ ನುಗ್ಗದಂತೆ ತಡೆಯುತ್ತವೆ. ಅಂಗಾಂಗ ಮೂಡುವ ಆ ದಿನಗಳಲ್ಲಿ ಭ್ರೂಣಕ್ಕೆ ಆಮ್ಲಜನಕ ಕಡಿಮೆ ಇರುವುದೇ ಸರಿ. ಆಮೇಲೆ ಬಿರಡೆ ಸಡಿಲವಾಗುತ್ತದೆ. ಅದೇ ಕೋಶಗಳು ನಾಳದ ಸ್ನಾಯುವಿನ ಪದರವನ್ನು ತೆಗೆದುಹಾಕಿ, ಕಿರಿದಾದ ಸುರುಳಿಯನ್ನು ಸಡಿಲವಾದ ಅಗಲ ಕೊಳವೆಯಾಗಿ ಮಾಡುತ್ತವೆ. 20 ವಾರದ ಹೊತ್ತಿಗೆ ಈ ಕೆಲಸ ಬಹುಪಾಲು ಮುಗಿದಿರುತ್ತದೆ. ಎಲ್ಲ ಸರಿಯಾದರೆ ದಿನ ತುಂಬುವಾಗ ನಿಮಿಷಕ್ಕೆ 600–700 ಮಿಲಿಲೀಟರ್ ರಕ್ತ ಗರ್ಭಕೋಶಕ್ಕೆ ಹರಿಯುತ್ತದೆ. ಮಾಸು ಸುಮಾರು ಅರ್ಧ ಕಿಲೋ ತೂಗುತ್ತದೆ, ಅದರೊಳಗಿನ ಎಳೆಗಳನ್ನು ಬಿಡಿಸಿ ಹರಡಿದರೆ 11–12 ಚದರ ಮೀಟರ್ ಆಗುತ್ತದೆ. ಹರಿವು ನಿಧಾನವಾಗಿ, ಧಾರಾಳವಾಗಿ ಇರಬೇಕು. ತೂಬು ಕಿರಿದಾದ ಗದ್ದೆಯಲ್ಲಿ ನೀರು ಚಿಮ್ಮಿ ಮಣ್ಣು ಕೊಚ್ಚುವ ಹಾಗೆ, ಅಗಲವಾಗದ ನಾಳದಿಂದ ಬಂದ ರಕ್ತ ರಭಸದಿಂದ ಹೊಡೆದು ಆ ಎಳೆಗಳನ್ನೇ ಕೆಡಿಸುತ್ತದೆ. ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿ ಮಾಸಿನ ತುಂಡುಗಳು ಸತ್ತುಹೋಗುತ್ತವೆ. ಒತ್ತಡಕ್ಕೆ ಸಿಕ್ಕ ಮಾಸು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅದು ರಕ್ತನಾಳಗಳನ್ನು ಆರೋಗ್ಯವಾಗಿಡುವ ಬೆಳವಣಿಗೆ ಅಂಶಗಳನ್ನು ಕಟ್ಟಿಹಾಕುವುದರಿಂದ ತಾಯಿಗೆ ಬಿಪಿ ಏರುತ್ತದೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ. ಏಳನೇ ತಿಂಗಳಲ್ಲಿ ಕಾಣಿಸುವ ಬಿಪಿಯ ಬೇರು ಸಾಮಾನ್ಯವಾಗಿ ಮೂರು–ನಾಲ್ಕನೇ ತಿಂಗಳಲ್ಲೇ ಇರುತ್ತದೆ.

ಆದ್ದರಿಂದ ನೋಂದಣಿಯ ಸಮಯವೇ ಈ ಸೇವೆಯ ಅತಿ ಮುಖ್ಯ ಭಾಗ. ಸರ್ಕಾರದ ಕ್ರಮದಲ್ಲಿ ಮೊದಲ ಭೇಟಿ 12 ವಾರದೊಳಗೆ ಆಗಬೇಕು. 'ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ' ಎನ್ನುವ ಮನೆಗಳಲ್ಲಿ ಇದು ತಪ್ಪಿಹೋಗುತ್ತದೆ. ನೆಂಟರಿಗೆ ಹೇಳದಿದ್ದರೂ ಪರವಾಗಿಲ್ಲ, ಆಶಾ ಅಕ್ಕನಿಗೆ ಹೇಳಿ. ಮುಟ್ಟು ನಿಂತು ಎರಡು ವಾರಕ್ಕೆ ಮೂತ್ರ ಪರೀಕ್ಷೆಯಲ್ಲಿ ಗೊತ್ತಾದರೆ ಅದೇ ವಾರ ಹೆಸರು ಬರೆಸಬಹುದು. ಹಾಗೆ ಹೋದವರಿಗೆ ಫೋಲಿಕ್ ಆಮ್ಲದ ಮಾತ್ರೆ (ದಿನಕ್ಕೆ 400 ಮೈಕ್ರೋಗ್ರಾಂ) ಸಕಾಲದಲ್ಲಿ ಶುರುವಾಗುತ್ತದೆ, ಆರಂಭದ ಸ್ಕ್ಯಾನಿಂಗಿನಲ್ಲಿ ದಿನಾಂಕ ಖಚಿತವಾಗುತ್ತದೆ, ಬಸಿರಿನ ಆರಂಭದಲ್ಲಿ ಬಿಪಿ ಎಷ್ಟಿತ್ತು ಅನ್ನುವುದು ದಾಖಲಾಗುತ್ತದೆ. ಐದನೇ ತಿಂಗಳಲ್ಲಿ ಬಂದವರಿಗೆ ಈ ಮೂರೂ ಇಲ್ಲ. ಬಸಿರಿನ ನಡುವೆ ಬಿಪಿ ಸಹಜವಾಗಿಯೇ ಸ್ವಲ್ಪ ಇಳಿಯುವುದರಿಂದ, ತಡವಾಗಿ ಬಂದವರಲ್ಲಿ ಹಳೆಯ ಬಿಪಿ ಕಾಯಿಲೆ ಮುಚ್ಚಿಹೋಗುತ್ತದೆ.

ಇಲ್ಲಿ ದೊಡ್ಡ ಕೊರತೆ ಆಸ್ಪಿರಿನ್. ಹಿಂದಿನ ಬಸಿರಿನಲ್ಲಿ ಬಿಪಿ ಏರಿದ್ದವರು, ಮೊದಲಿಂದ ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಅಥವಾ ಲೂಪಸ್ ಇರುವವರು, ಅವಳಿ ಹೊತ್ತವರು, ಇವರಿಗೆಲ್ಲ ಕಡಿಮೆ ಡೋಸಿನ ಆಸ್ಪಿರಿನ್ ಬೇಕಾ ಎಂದು 12ನೇ ವಾರಕ್ಕೇ ವೈದ್ಯರು ನಿರ್ಧರಿಸಬೇಕು. ಚೊಚ್ಚಲು, 35 ದಾಟಿದ ವಯಸ್ಸು, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 30ಕ್ಕಿಂತ ಹೆಚ್ಚು, ತಾಯಿಗೋ ಅಕ್ಕತಂಗಿಗೋ ಬಸಿರಿನಲ್ಲಿ ಬಿಪಿ ಬಂದಿದ್ದದ್ದು, ಇವುಗಳಲ್ಲಿ ಎರಡು ಒಟ್ಟಿಗೆ ಇದ್ದರೂ ಅದೇ ಮಾತು. ಡೋಸ್ 75ರಿಂದ 150 ಮಿಲಿಗ್ರಾಂ, ರಾತ್ರಿ ಊಟದ ನಂತರ. 16 ವಾರದ ಒಳಗೆ ಶುರುವಾದರೆ ಪ್ರಯೋಜನ ಹೆಚ್ಚು. ಸಾಮಾನ್ಯವಾಗಿ 36 ವಾರದ ಹೊತ್ತಿಗೆ ನಿಲ್ಲಿಸುತ್ತಾರೆ. ಯುರೋಪಿನ ದೇಶಗಳಲ್ಲೂ ಇಸ್ರೇಲಿನಲ್ಲೂ ನಡೆದು 2017ರಲ್ಲಿ ಪ್ರಕಟವಾದ ಆಸ್ಪ್ರೆ ಪ್ರಯೋಗದಲ್ಲಿ 150 ಮಿಲಿಗ್ರಾಂ ತೆಗೆದುಕೊಂಡ ಹೆಚ್ಚು ಅಪಾಯದ ಬಸುರಿಯರಲ್ಲಿ 37 ವಾರಕ್ಕೆ ಮುಂಚಿನ ಪ್ರೀಎಕ್ಲಾಂಪ್ಸಿಯಾ (ಮೇಲೆ ಹೇಳಿದ, ಮಾಸಿನಿಂದ ಬಿಪಿ ಏರುವ ಕಾಯಿಲೆ) ಶೇ. 62ರಷ್ಟು ಕಡಿಮೆಯಾಯಿತು. ನಮ್ಮ ಬೆಳಗಾವಿಯೂ ಸೇರಿ ಆರು ದೇಶಗಳಲ್ಲಿ ಚೊಚ್ಚಲ ಬಸುರಿಯರ ಮೇಲೆ ನಡೆದ ಇನ್ನೊಂದು ಪ್ರಯೋಗ 2020ರಲ್ಲಿ ಬಂತು. ಅದರಲ್ಲಿ 81 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಶೇ. 13.1ರಿಂದ 11.6ಕ್ಕೆ ಇಳಿಯಿತು. ಮಾತ್ರೆ ತೀರಾ ಅಗ್ಗ. ಹಾಗಿದ್ದರೂ ಯಾರಿಗೆ ಬೇಕು ಎಂದು ಕೇಳಿ ಆರಿಸುವ ಕೆಲಸ ಎಲ್ಲ ಕಡೆ ಆಗುತ್ತಿಲ್ಲ. ಮೇಲಿನದರಲ್ಲಿ ಏನಾದರೂ ಇದ್ದರೆ ಮೊದಲ ಭೇಟಿಯಲ್ಲೇ ನೀವಾಗಿಯೇ ಬಾಯಿಬಿಟ್ಟು ಕೇಳಿ. ಅಂಗಡಿಯಿಂದ ನೀವೇ ತಂದು ನುಂಗಬೇಡಿ, ಹೊಟ್ಟೆಹುಣ್ಣು, ಅಲರ್ಜಿ, ರಕ್ತಸ್ರಾವದ ತೊಂದರೆ ಇರುವವರಿಗೆ ಇದು ಆಗದು.

ಇನ್ನು ಬಿಪಿ. ಕಾರ್ಡಿನಲ್ಲಿ ಪ್ರತಿ ಭೇಟಿಗೂ ಬಿಪಿ ಬರೆಯುವ ಜಾಗವಿದೆ. ಆ ಸಾಲನ್ನು ಒಮ್ಮೆ ಓದಿ ನೋಡಿ. 110/70, 110/70, 120/80, 110/70 ಎಂದು ಸೊನ್ನೆಯಲ್ಲೇ ಮುಗಿಯುವ ಅಂಕಿಗಳು ಸಾಲಾಗಿ ಇದ್ದರೆ ಅಳತೆಯ ಬಗ್ಗೆ ಅನುಮಾನ ಪಡಬಹುದು. ಡಿಜಿಟಲ್ ಯಂತ್ರದಲ್ಲಿ ನಿಜವಾಗಿ ಅಳೆದರೆ 114/72, 108/66 ಎಂಬಂಥ ಅಂಕಿಗಳೇ ಬರುತ್ತವೆ. ಸರಿಯಾದ ಕ್ರಮ ಹೀಗೆ: ಬಂದು ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆನಿಕೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ. ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು. ಪಟ್ಟಿಯನ್ನು ರವಿಕೆಯ ತೋಳಿನ ಮೇಲೆ ಸುತ್ತಬಾರದು, ಬಿಗಿಯಾದ ತೋಳನ್ನು ಮೇಲಕ್ಕೆ ಸುರುಳಿ ಮಾಡಿ ಹಿಂಡಲೂಬಾರದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಹಾಕಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಮಲಗಿಸಿ ಅಳೆದರೆ, ಅದರಲ್ಲೂ ಎಡಮಗ್ಗುಲಲ್ಲಿ ಮೇಲಿನ ಕೈಯಲ್ಲಿ ಅಳೆದರೆ, ಸುಳ್ಳಾಗಿ ಇಳಿಯುತ್ತದೆ. ಎರಡನೆಯದು ಹೆಚ್ಚು ಅಪಾಯ, ಏಕೆಂದರೆ ಎಲ್ಲರಿಗೂ ಸಮಾಧಾನವಾಗಿಬಿಡುತ್ತದೆ. 140/90 ಅಥವಾ ಮೇಲೆ ಬಂದರೆ ನಾಲ್ಕು ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕು, ಮೂತ್ರದ ಪ್ರೋಟೀನ್ ನೋಡಬೇಕು. 160/110 ಬಂದರೆ ಕಾಯುವ ಮಾತಿಲ್ಲ, ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಪಾಯದ ಪಟ್ಟಿಯಲ್ಲಿ ಇರುವವರು ಮನೆಗೇ ಒಂದು ಬಿಪಿ ಯಂತ್ರ ಕೊಂಡರೆ ಆ ದುಡ್ಡು ದಂಡವಲ್ಲ. ತೋಳಿಗೆ ಕಟ್ಟುವಂಥದ್ದೇ ತೆಗೆದುಕೊಳ್ಳಿ, ಮಣಿಕಟ್ಟಿನದ್ದು ಬೇಡ. ಬಸುರಿಯರಲ್ಲಿ ಪರೀಕ್ಷಿಸಿದ ಮಾದರಿಯಾ ಎಂದು ಪೆಟ್ಟಿಗೆಯ ಮೇಲೆ ನೋಡಿ.

ತೂಕದ ಕಾಲಮ್ಮಿಗೂ ಒಂದು ಮಾತು. ಮೊದಲ ಮೂರು ತಿಂಗಳ ನಂತರ ತಿಂಗಳಿಗೆ ಸುಮಾರು 2 ಕಿಲೋ, ಒಟ್ಟು 9ರಿಂದ 11 ಕಿಲೋ ಏರಿಕೆ ಎನ್ನುವುದು ಸರ್ಕಾರಿ ಮಾರ್ಗಸೂಚಿಯ ಲೆಕ್ಕ. ಒಂದೇ ತಿಂಗಳಲ್ಲಿ 3 ಕಿಲೋ ಮೇಲೆ ಏರಿದರೆ 'ಮಗು ಚೆನ್ನಾಗಿ ಬೆಳೀತಿದೆ' ಎಂದು ಖುಷಿಪಡುವ ಮೊದಲು ಬಿಪಿ ನೋಡಬೇಕು, ಅದು ಮೈಯಲ್ಲಿ ನಿಂತ ನೀರಿರಬಹುದು.

ಹೊಟ್ಟೆಗೆ ಟೇಪ್ ಹಿಡಿಯುವುದು ಈ ಇಡೀ ಸೇವೆಯಲ್ಲಿ ಖರ್ಚೇ ಇಲ್ಲದ ಪರೀಕ್ಷೆ. ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ. 24 ವಾರದ ನಂತರ, ಮೂತ್ರ ಮಾಡಿ ಬಂದು ಮಲಗಿದ ಮೇಲೆ, ಗರ್ಭಕೋಶದ ತುದಿಯಿಂದ ಕೆಳಗಿನ ಮೂಳೆಯ ಮೇಲಂಚಿನವರೆಗೆ ಅಳತೆ. ಟೇಪಿನ ಅಂಕಿ ಕಾಣದಂತೆ ತಿರುಗಿಸಿ ಹಿಡಿದು, ಆಮೇಲೆ ಮಗುಚಿ ಓದಬೇಕು. ಇಲ್ಲವಾದರೆ ಕೈ ತಾನಾಗಿಯೇ ನಿರೀಕ್ಷಿಸಿದ ಅಂಕಿಗೆ ಹೋಗುತ್ತದೆ. ಸೆಂಟಿಮೀಟರ್ ಅಂಕಿ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಇರಬೇಕು. 32 ವಾರಕ್ಕೆ 29 ಇದ್ದರೆ, ಅಥವಾ ಎರಡು ಭೇಟಿಯ ನಡುವೆ ಅಂಕಿ ಮೇಲೇರದೇ ಇದ್ದರೆ, ಬೆಳವಣಿಗೆಯ ಸ್ಕ್ಯಾನಿಂಗ್ ಮಾಡಿಸಬೇಕು. ಕೈಬೆರಳು ಇಟ್ಟು ಅಂದಾಜು ಮಾಡಿ ಬರೆದದ್ದಕ್ಕೂ ಟೇಪ್ ಹಿಡಿದದ್ದಕ್ಕೂ ಬಹಳ ವ್ಯತ್ಯಾಸ. ಅವಳಿ ಇದ್ದಾಗ, ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದಾಗ, ಮೈ ತುಂಬ ದಪ್ಪವಿದ್ದಾಗ ಟೇಪಿನ ಲೆಕ್ಕ ನಂಬುವ ಹಾಗಿಲ್ಲ. ಅಂಥವರಿಗೆ ನೇರವಾಗಿ ಸ್ಕ್ಯಾನಿಂಗ್.

ಕೆಂಪು ಮಾತ್ರೆಗೆ ಪೂರ್ತಿ ಅಂಕ ಕೊಡಬಹುದಿತ್ತು. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ದಿನಕ್ಕೆ ಎರಡು, 7ಕ್ಕಿಂತ ಕೆಳಗಿದ್ದರೆ ಆಸ್ಪತ್ರೆಯಲ್ಲೇ ಚಿಕಿತ್ಸೆ. ದೇಶದಲ್ಲಿ ಬಸುರಿಯರ ಪೈಕಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ರಕ್ತ ಕಡಿಮೆಯಾದಾಗ ಮಾಸು ಸುಮ್ಮನಿರುವುದಿಲ್ಲ. ಕಬ್ಬಿಣ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಮಗುವಿನ ತೂಕಕ್ಕೆ ಹೋಲಿಸಿದರೆ ತಾನು ದೊಡ್ಡದಾಗಿ ಬೆಳೆಯುವುದೂ ಉಂಟು. ಒಂದು ಹಂತದವರೆಗೆ ಇದರಿಂದ ಮಗು ತಪ್ಪಿಸಿಕೊಳ್ಳುತ್ತದೆ, ತಾಯಿ ಇನ್ನಷ್ಟು ಬರಿದಾಗುತ್ತಾಳೆ. ರಕ್ತಹೀನತೆ ತೀವ್ರವಾದರೆ ಮಗುವಿನ ತೂಕವೂ ಇಳಿಯುತ್ತದೆ.

ಮಾತ್ರೆ ಕೊಟ್ಟೂ ರಕ್ತ ಏರದಿದ್ದರೆ ಕಾರಣ ಸಾಮಾನ್ಯವಾಗಿ ಅಡುಗೆಮನೆಯ ಗಡಿಯಾರದಲ್ಲಿದೆ. ಬೆಳಗಿನ ಕಾಫಿಯ ಜೊತೆ, ಇಲ್ಲವೇ ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಊಟವಾಗಿ ಒಂದು–ಎರಡು ಗಂಟೆ ಬಿಟ್ಟು, ನಿಂಬೆಹಣ್ಣಿನ ಪಾನಕ ಅಥವಾ ಒಂದು ಸೀಬೆಹಣ್ಣಿನ ಜೊತೆ ತೆಗೆದುಕೊಳ್ಳಿ. ಕ್ಯಾಲ್ಸಿಯಂಗೂ ಇದಕ್ಕೂ ಕನಿಷ್ಠ ಎರಡು ಗಂಟೆ ಅಂತರ ಇರಲಿ. ವಾಕರಿಕೆ ತಾಳಲಾರದವರು ಮಲಗುವ ಮುಂಚೆ ತೆಗೆದುಕೊಳ್ಳಬಹುದು. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಡಿ. ಜಂತುಹುಳುವಿಗೆ ಮೂರು ತಿಂಗಳ ನಂತರ ಕೊಡುವ 400 ಮಿಲಿಗ್ರಾಂ ಆಲ್ಬೆಂಡಜೋಲ್ ಒಂದು ಮಾತ್ರೆಯನ್ನೂ ಬಿಡಬೇಡಿ. ಒಂದು ತಿಂಗಳು ಸರಿಯಾಗಿ ತೆಗೆದುಕೊಂಡ ಮೇಲೂ ಹಿಮೋಗ್ಲೋಬಿನ್ 1 ಗ್ರಾಂ ಕೂಡ ಏರದಿದ್ದರೆ ಅದೇ ಮಾತ್ರೆಯನ್ನು ಇನ್ನೂ ಎರಡು ತಿಂಗಳು ಎಳೆಯುವುದರಲ್ಲಿ ಅರ್ಥವಿಲ್ಲ. ರಕ್ತನಾಳದ ಮೂಲಕ ಕೊಡುವ ಕಬ್ಬಿಣದ ಬಗ್ಗೆ ಕೇಳಿ, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ತೊಂದರೆ) ಲಕ್ಷಣ ಇದೆಯಾ ಎಂದು ಪರೀಕ್ಷಿಸಲು ಹೇಳಿ.

ಪೂರ್ತಿ ಅಂಕ ತಪ್ಪಿದ್ದು ಬಿ12ರಲ್ಲಿ. ಕೆಂಪು ಮಾತ್ರೆಯಲ್ಲಿ ಅದಿಲ್ಲ. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಬಹಳ. ಬಿ12 ಕಡಿಮೆ ಇದ್ದ ತಾಯಂದಿರಲ್ಲಿ ಮಗುವಿನ ಬೆಳವಣಿಗೆ ಕುಂಠಿತವಾಗುವುದು ಹೆಚ್ಚು ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅಧ್ಯಯನ 2006ರಲ್ಲೇ ತೋರಿಸಿತ್ತು. ಸಸ್ಯಾಹಾರಿಗಳು ಹಾಲು ಮೊಸರಿನ ಪ್ರಮಾಣ ಹೆಚ್ಚಿಸಬೇಕು, ಬಿ12 ಮಾತ್ರೆ ಬೇಕಾ ಎಂದು ವೈದ್ಯರನ್ನು ಕೇಳಬೇಕು.

ಕ್ಯಾಲ್ಸಿಯಂ ಮಾತ್ರೆ 14ನೇ ವಾರದಿಂದ, ಊಟದ ಜೊತೆ, 500 ಮಿಲಿಗ್ರಾಮಿನದ್ದು ದಿನಕ್ಕೆ ಎರಡು. ಮೂಳೆಗಿಂತ ಹೆಚ್ಚಾಗಿ ಇದು ಬಿಪಿಗೆ ಮತ್ತು ಅವಧಿಗೆ ಮುಂಚಿನ ಹೆರಿಗೆಗೆ ಸಂಬಂಧಪಟ್ಟದ್ದು. ಹಾಲು, ರಾಗಿ ಕಡಿಮೆ ತಿನ್ನುವವರಿಗೆ ಉಪಯೋಗ ಹೆಚ್ಚು. ಕಬ್ಬಿಣದ್ದೂ ಸೇರಿ ದಿನಕ್ಕೆ ಮೂರು ಮಾತ್ರೆ ನುಂಗಲಾಗದು ಎಂಬ ದೂರಿಗೆ ಉತ್ತರ ಬೆಂಗಳೂರಿನಲ್ಲೇ ಸಿಕ್ಕಿದೆ: 11,000 ಚೊಚ್ಚಲ ಬಸುರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಪ್ರೀಎಕ್ಲಾಂಪ್ಸಿಯಾ ಶೇ. 3.0, 1,500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಶೇ. 3.6. ಅಂದರೆ ಒಂದನ್ನು ಮರೆತ ದಿನ ಎರಡನ್ನೂ ಬಿಟ್ಟುಬಿಡಬೇಡಿ, ಒಂದಾದರೂ ಹೊಟ್ಟೆಗೆ ಹೋಗಲಿ.

ಅಂಗನವಾಡಿಯ ಮಾತೃಪೂರ್ಣ ಊಟ 2017ರ ಅಕ್ಟೋಬರ್ 2ರಂದು ಶುರುವಾಯಿತು. ಅನ್ನ, ಸೊಪ್ಪು–ತರಕಾರಿಯ ಸಾಂಬಾರ್, ಮೊಟ್ಟೆ, 200 ಮಿಲಿಲೀಟರ್ ಹಾಲು, ಕಡಲೆಬೀಜದ ಚಿಕ್ಕಿ. ತಿಂಗಳಿಗೆ 25 ದಿನ. ಮೆನು ಕಟ್ಟಿದವರಿಗೆ ಶಹಬ್ಬಾಸ್ ಅನ್ನಬೇಕು. ಬಸಿರಿನಲ್ಲಿ ದಿನಕ್ಕೆ ಬೇಕಾದ ಹೆಚ್ಚುವರಿ ಶಕ್ತಿ 350 ಕಿಲೋಕ್ಯಾಲರಿ, ಹೆಚ್ಚುವರಿ ಪ್ರೋಟೀನ್ ನಾಲ್ಕರಿಂದ ಆರನೇ ತಿಂಗಳಲ್ಲಿ 9.5 ಗ್ರಾಂ, ಕೊನೆಯ ಮೂರು ತಿಂಗಳಲ್ಲಿ 22 ಗ್ರಾಂ. ಈ ಊಟ ಮನೆಯ ಊಟದ ಮೇಲೆ ಸೇರಿದರೆ ಆ ಲೆಕ್ಕ ಸಲೀಸಾಗಿ ತುಂಬುತ್ತದೆ. ಕೆಡುವುದು ಎಲ್ಲಿ ಅಂದರೆ, 'ಅಲ್ಲಿ ಉಂಡು ಬಂದಳಲ್ಲ' ಎಂದು ಮನೆಯಲ್ಲಿ ಪಾಲು ಕಡಿಮೆಯಾದಾಗ. ಇನ್ನೊಂದು, ತೋಟದ ಮನೆಯಿಂದ ಏಳು–ಎಂಟನೇ ತಿಂಗಳಲ್ಲಿ ಬಿಸಿಲಲ್ಲಿ ನಡೆದು ಬರಲಾರದೆ ಊಟ ತಪ್ಪಿದಾಗ. ಜಾಸ್ತಿ ತಿಂದರೆ ಮಗು ದಪ್ಪಗಾಗಿ ಹೆರಿಗೆ ಕಷ್ಟ ಎಂದು ಅತ್ತೆಯಂದಿರು ಕೊನೆಯ ತಿಂಗಳುಗಳಲ್ಲಿ ಊಟ ಹಿಡಿಯುವುದೂ ಇದೆ. ಮಗು ತೂಕ ಕೂಡಿಸಿಕೊಳ್ಳುವುದು ಆ ತಿಂಗಳುಗಳಲ್ಲೇ, ಹಿಡಿತ ಬೇಕಾಗಿರುವುದು ಸಕ್ಕರೆಯ ಮೇಲೆ.

ಮೆಡಿಕಲ್ ಸ್ಟೋರಿನ ಪ್ರೋಟೀನ್ ಪುಡಿಯ ಡಬ್ಬಕ್ಕೆ ಈ ಊಟದ ಮುಂದೆ ನಿಲ್ಲುವ ಯೋಗ್ಯತೆ ಇಲ್ಲ. ಡಬ್ಬದ ಹಿಂದಿನ ಚೀಟಿಯಲ್ಲಿ ಸಕ್ಕರೆ ಎಷ್ಟು, ಒಂದು ಬಾರಿಗೆ ಸಿಗುವ ಪ್ರೋಟೀನ್ ಎಷ್ಟು ಎಂದು ಓದಿ, ಎರಡು ಮೊಟ್ಟೆಯ 12 ಗ್ರಾಂ ಪ್ರೋಟೀನಿನ ಜೊತೆ ಬೆಲೆ ಹೋಲಿಸಿ. ಪೌಷ್ಟಿಕಾಂಶ ಕಡಿಮೆ ಇರುವ ಪ್ರದೇಶದಲ್ಲಿ ಶಕ್ತಿ, ಪ್ರೋಟೀನ್ ಎರಡೂ ಸಮತೋಲನದಲ್ಲಿರುವ ಆಹಾರವನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುತ್ತದೆ. ಬರೀ ಪ್ರೋಟೀನ್ ಹೆಚ್ಚಿಸುವ ಪೂರಕಗಳನ್ನು ಅದು ಶಿಫಾರಸು ಮಾಡುವುದಿಲ್ಲ.

ಶುಗರ್ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ ಎನ್ನುವುದೇ ಸರ್ಕಾರಿ ವಿಧಾನದ ಜಾಣತನ. 75 ಗ್ರಾಂ ಗ್ಲೂಕೋಸನ್ನು 300 ಮಿಲಿಲೀಟರ್ ನೀರಿನಲ್ಲಿ ಕರಗಿಸಿ 5–10 ನಿಮಿಷದಲ್ಲಿ ಕುಡಿಯಬೇಕು, ಎರಡು ಗಂಟೆಗೆ ರಕ್ತ ನೋಡಬೇಕು. 140 ಅಥವಾ ಮೇಲೆ ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಮೊದಲ ಭೇಟಿಯಲ್ಲಿ ಒಮ್ಮೆ, ಸರಿಯಿದ್ದರೆ 24–28 ವಾರದಲ್ಲಿ ಇನ್ನೊಮ್ಮೆ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ. ಎಡವಟ್ಟಾಗುವುದು ಕಾಯುವ ಎರಡು ಗಂಟೆಯಲ್ಲಿ: ಹೋಟೆಲಿಗೆ ಹೋಗಿ ಇಡ್ಲಿ ತಿಂದು ಬರುವುದು, ಒಂದೂವರೆ ಗಂಟೆಗೇ ಸೂಜಿ ಚುಚ್ಚುವುದು, ಗ್ಲೂಕೋಸ್ ಪೊಟ್ಟಣದಿಂದ ಕಣ್ಣಂದಾಜಿನಲ್ಲಿ ಸುರಿಯುವುದು.

ಸಕ್ಕರೆ ಹೆಚ್ಚಿದ್ದರೆ ಅದು ಮಾಸು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಹೆಚ್ಚು ಮಾಡಿಕೊಂಡು ಭುಜ, ಹೊಟ್ಟೆಯಲ್ಲಿ ಕೊಬ್ಬು ಕಟ್ಟುತ್ತದೆ. ಮಾಸೂ ದಪ್ಪಗಾಗುತ್ತದೆ, ಆದರೆ ಒಳಗಿನ ಎಳೆಗಳು ಪಕ್ವವಾಗದೆ ಉಳಿದು ಆಮ್ಲಜನಕ ದಾಟುವ ದಾರಿ ಉದ್ದವಾಗುತ್ತದೆ. ದೊಡ್ಡ ಮಾಸು, ದುಂಡು ಮಗು ಎಂದು ನೆಮ್ಮದಿಯಾಗಿ ಇರುವಂತಿಲ್ಲ ಎನ್ನುವುದು ಇದಕ್ಕೇ. ಹಳೆಯ ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳಗಳೇ ಕೆಟ್ಟಿದ್ದರೆ ಇದಕ್ಕೆ ತದ್ವಿರುದ್ಧವಾಗಿ ಮಗು ಸಣ್ಣದಾಗುತ್ತದೆ.

ತಂಬಾಕಿನ ಬಗ್ಗೆ ಕೇಳುವುದು ಬಹಳ ಕಡೆ ಬಿಟ್ಟೇಹೋಗಿದೆ. ಹೆಂಗಸರು ಬೀಡಿ ಸೇದುವುದಿಲ್ಲವಲ್ಲ ಎಂದು ಮುಂದೆ ಹೋಗುತ್ತಾರೆ. ಎಲೆಅಡಿಕೆಯ ಜೊತೆಗಿನ ಕಡ್ಡಿಪುಡಿ ಲೆಕ್ಕಕ್ಕೆ ಬರುವುದೇ ಇಲ್ಲ. ಜಗಿಯುವ ತಂಬಾಕಿನ ನಿಕೋಟಿನ್ ಕೂಡ ಗರ್ಭಕೋಶದ ರಕ್ತನಾಳ ಕುಗ್ಗಿಸುತ್ತದೆ. ಮುಂಬೈಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊಗೆರಹಿತ ತಂಬಾಕು ಬಳಸಿದವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು.

ಈಗ ಸ್ಕ್ಯಾನಿಂಗ್. 18–20 ವಾರದ ಅಂಗಾಂಗ ಸ್ಕ್ಯಾನಿಂಗಿಗೆ ಬರೆದುಕೊಡುತ್ತಾರೆ, ಅದು ಸರಿ. ಆದರೆ ಕ್ರಮದ ನಾಲ್ಕು ಭೇಟಿಗಳಲ್ಲಿ 28ರಿಂದ 34 ವಾರದ ನಡುವೆ ಇರುವುದು ಒಂದೇ. ಬೆಳವಣಿಗೆ ನಿಲ್ಲುವ ಮಗು ಸಿಕ್ಕಿಬೀಳಬೇಕಾದ ಹೊತ್ತು ಅದೇ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಕು ವೈದ್ಯರೇ ನೋಡುತ್ತಾರೆ. ಏಳನೇ ತಿಂಗಳ ನಂತರ ಆ ದಿನವನ್ನು ತಪ್ಪಿಸದೆ ಹೋದರೆ ಕ್ರಮದ ಈ ಸಂದು ಬಹುಮಟ್ಟಿಗೆ ಮುಚ್ಚುತ್ತದೆ.

ಬೆಳವಣಿಗೆ ಸ್ಕ್ಯಾನಿಂಗಿನ ವರದಿ ಕೈಗೆ ಬಂದರೆ ಮೊದಲು ನೋಡಬೇಕಾದ್ದು ದಿನಾಂಕ ಯಾವ ಲೆಕ್ಕದ್ದು ಎಂದು. ಮೂರು ತಿಂಗಳೊಳಗಿನ ಸ್ಕ್ಯಾನಿಂಗಿನ ದಿನಾಂಕವೇ ಆಧಾರ, ಎಂಟನೇ ತಿಂಗಳ ಸ್ಕ್ಯಾನಿಂಗ್ ಕೊಡುವ 'ಹೊಸ ಡೇಟ್' ಹಿಡಿದರೆ ಸೊರಗಿದ ಮಗು ಕೂಡ 'ಸರಿಯಾಗಿದೆ' ಎಂದು ಕಾಣುತ್ತದೆ. ಆಮೇಲೆ ಮಗುವಿನ ಹೊಟ್ಟೆಯ ಸುತ್ತಳತೆ. ರಕ್ತ ಸಾಲದಾದಾಗ ಮಗು ಮಿದುಳಿಗೆ ಹೆಚ್ಚು ಕಳಿಸಿಕೊಂಡು ಯಕೃತ್ತಿನ ದಾಸ್ತಾನು ಕರಗಿಸುತ್ತದೆ. ಹಾಗಾಗಿ ತಲೆಯ ಅಳತೆ ಸರಿಯಿದ್ದು ಹೊಟ್ಟೆಯದ್ದು ಹಿಂದೆ ಬೀಳುತ್ತದೆ. ಅಂದಾಜು ತೂಕದಲ್ಲಿ ಶೇ. 10–15 ಆಚೀಚೆ ಆಗುವುದು ಮಾಮೂಲು, ಅದಕ್ಕೇ ಒಂದು ವಾರದ ಅಂತರದಲ್ಲಿ ಮತ್ತೆ ತೂಕ ಹಾಕಿಸಿ ಗಾಬರಿಯಾಗಬೇಡಿ. ಕನಿಷ್ಠ ಎರಡು ವಾರ, ಸಾಧ್ಯವಾದರೆ ಮೂರು ವಾರ ಬಿಟ್ಟು ಹೋಲಿಸಬೇಕು. ತೂಕ 10ನೇ ಪರ್ಸೆಂಟೈಲಿಗಿಂತ ಕೆಳಗಿದ್ದ (ಅಂದರೆ ಅದೇ ವಾರದ ನೂರು ಮಕ್ಕಳಲ್ಲಿ ಅತಿ ಕಡಿಮೆ ತೂಕದ ಹತ್ತರೊಳಗೆ ಬಂದ) ಮಾತ್ರಕ್ಕೆ ಕಾಯಿಲೆಯಲ್ಲ. ಸಣ್ಣ ಮೈಕಟ್ಟಿನ ತಾಯಿಯ ಆರೋಗ್ಯವಂತ ಮಗುವೂ ಅಲ್ಲಿರಬಹುದು. 3ಕ್ಕಿಂತ ಕೆಳಗೆ ಇದ್ದರೆ, ಅಥವಾ 10ಕ್ಕಿಂತ ಕೆಳಗಿದ್ದು ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನಿಂಗ್) ಕೂಡ ಕೆಟ್ಟಿದ್ದರೆ ಮಾಸಿನ ತೊಂದರೆ ಎಂದು ಹಿಡಿಯುತ್ತಾರೆ.

ಡಾಪ್ಲರಿನಲ್ಲಿ ಹೊಕ್ಕುಳಬಳ್ಳಿಯ ಅಪಧಮನಿಯ ಸಾಲು ಮುಖ್ಯ. ಮಗುವಿನ ಹೃದಯ ಸಡಿಲಿದ ಕ್ಷಣದಲ್ಲೂ ರಕ್ತ ಮಾಸಿನ ಕಡೆ ಮುಂದಕ್ಕೆ ಹರಿಯುತ್ತಿರಬೇಕು. ಆ ಹರಿವು 'ಇಲ್ಲ' ಎಂದಿದ್ದರೆ ಮಾಸಿನೊಳಗಿನ ನಾಳಗಳು ಗಣನೀಯವಾಗಿ ಮುಚ್ಚಿವೆ ಎಂದರ್ಥ, ತಕ್ಷಣ ನವಜಾತ ಶಿಶು ಘಟಕ ಇರುವ ಆಸ್ಪತ್ರೆಗೆ ಹೋಗಬೇಕು. 'ಹಿಮ್ಮುಖ' ಎಂದಿದ್ದರೆ ಇನ್ನೂ ತುರ್ತು. ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಹೆರಿಗೆಯ ದಿನ ನಿರ್ಧರಿಸುವುದು ಅಲ್ಲಿನವರ ಕೆಲಸ. ಇದಕ್ಕೆ ಹೋಲಿಸಿದರೆ 'ಪ್ಲಾಸೆಂಟಾ ಗ್ರೇಡ್ 3' ಎಂಬ ಸಾಲು 37 ವಾರದ ನಂತರ ಬರೀ ವಯಸ್ಸಿನ ಗುರುತು. 20 ವಾರಕ್ಕೆ 'ಮಾಸು ಕೆಳಗಿದೆ' ಎಂದಿದ್ದರೂ ಬಹಳಷ್ಟು ಮಂದಿಯಲ್ಲಿ 32 ವಾರದ ಹೊತ್ತಿಗೆ ಮೇಲೆ ಸರಿದಿರುತ್ತದೆ.

ಬೆಳವಣಿಗೆ ಕಡಿಮೆ ಎಂದ ಕೂಡಲೇ ಅಮೈನೋ ಆಮ್ಲದ ಬಾಟಲಿ ಏರಿಸುವುದು, ತಿಂಗಳುಗಟ್ಟಲೆ ಮಲಗಿಸುವುದು ನಡೆದುಕೊಂಡು ಬಂದಿದೆ. ಕಿರಿದಾಗಿಯೇ ಉಳಿದ ನಾಳವನ್ನು ಎಂಟನೇ ತಿಂಗಳಲ್ಲಿ ಯಾವ ಬಾಟಲಿಯೂ ಅಗಲ ಮಾಡುವುದಿಲ್ಲ. ರಕ್ತನಾಳ ಹಿಗ್ಗಿಸುವ ಸಿಲ್ಡೆನಾಫಿಲ್ ಎಂಬ ಔಷಧಿಯ ಮೇಲೆ ಬಹಳ ಭರವಸೆ ಇತ್ತು, ನೆದರ್‌ಲ್ಯಾಂಡ್ಸಿನ ಪ್ರಯೋಗವನ್ನು 2018ರಲ್ಲಿ ನವಜಾತ ಶಿಶುಗಳ ಸಾವಿನ ಕಾರಣಕ್ಕೆ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಆ ಹಂತದಲ್ಲಿ ಉಳಿದಿರುವ ಚಿಕಿತ್ಸೆ ಎಂದರೆ ನಿಗಾ ಮತ್ತು ಸರಿಯಾದ ಹೊತ್ತಿಗೆ ಹೆರಿಗೆ. ಮನೆಯಲ್ಲಿ ಮಗುವಿನ ಒದೆತ ಗಮನಿಸಿ: ಎಡಮಗ್ಗುಲಲ್ಲಿ ಮಲಗಿ ಎಣಿಸಿದಾಗ ಎರಡು ಗಂಟೆಯಲ್ಲಿ 10 ಆಗದಿದ್ದರೆ, ಅಥವಾ ದಿನನಿತ್ಯದ ಚಲನೆಗಿಂತ ಸ್ಪಷ್ಟವಾಗಿ ಕಡಿಮೆ ಅನಿಸಿದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಹೋಗಿ.

ತೂಕ ಸ್ವಲ್ಪ ಕಡಿಮೆಯಾದರೆ ಏನಾಯಿತು, ಆಮೇಲೆ ತುಂಬಿಸಿಕೊಂಡರಾಯಿತು ಎನ್ನುವವರಿಗೆ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ಹೆರಿಗೆ ದಾಖಲೆಗಳು ಉತ್ತರ ಕೊಡುತ್ತವೆ. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಬಂತು. ಹುಟ್ಟುವಾಗ 2.5 ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಹೃದಯನಾಳದ ಕಾಯಿಲೆ ಶೇ. 11, 3.1 ಕಿಲೋ ಮೀರಿದವರಲ್ಲಿ ಶೇ. 3.

ಹೆರಿಗೆಯಾದ ಮೇಲೆ ಮಾಸನ್ನು ಟ್ರೇಯಲ್ಲಿಟ್ಟು ತುಂಡು ಒಳಗೆ ಉಳಿದಿದೆಯಾ ಎಂದು ನೋಡುತ್ತಾರೆ, ಅಷ್ಟಕ್ಕೇ ಮುಗಿಯುತ್ತದೆ. ಮಗು ಸಣ್ಣದಿದ್ದರೆ ಅಥವಾ ಬಿಪಿ ಏರಿದ್ದರೆ ಇನ್ನೆರಡು ನಿಮಿಷ ಕೊಡಬೇಕು. ಮಾಸಿನ, ತಾಯಿಯ ಕಡೆಗಿದ್ದ ಮುಖ ದನದ ಮಾಂಸದ ಬಣ್ಣಕ್ಕಿದ್ದು ಮೆತ್ತಗಿರಬೇಕು. ಗಟ್ಟಿಯಾದ, ಬಿಳಿಚಿದ ಗಂಟುಗಳು ಸತ್ತ ಭಾಗ. ಒಂದು ಮೂಲೆಯಲ್ಲಿ ಕಪ್ಪು ಹೆಪ್ಪು ಅಂಟಿದ್ದರೆ ಮಾಸು ಮೊದಲೇ ಬಿಟ್ಟಿತ್ತು ಎಂದು. ಬಳ್ಳಿ ನಡುವೆ ಸೇರಿದೆಯಾ, ಅಂಚಿನಲ್ಲಾ, ಅದರಲ್ಲಿ ಮೂರು ನಾಳಗಳಿವೆಯಾ, ಮಾಸಿನ ತೂಕ ಎಷ್ಟು ಎನ್ನುವುದನ್ನು ಬಿಡುಗಡೆ ಚೀಟಿಯಲ್ಲಿ ಬರೆಸಿಕೊಳ್ಳಿ. ಮಗು ಉಳಿಯದಿದ್ದರೆ ಅಥವಾ 32 ವಾರಕ್ಕೆ ಮುಂಚೆಯೇ ಹೆರಿಗೆ ಮಾಡಿಸಬೇಕಾಗಿ ಬಂದಿದ್ದರೆ ಮಾಸನ್ನು ಪೆಥಾಲಜಿಗೆ ಕಳಿಸಲು ಕೇಳಿ. ಫಾರ್ಮಲಿನ್‌ನಲ್ಲಿ ಇಡುವ ನಿರ್ಧಾರ ಹೆರಿಗೆ ಕೋಣೆಯಲ್ಲೇ ಆಗಬೇಕು, ಆಮೇಲೆ ಕೇಳಿದರೆ ಸಿಗುವುದಿಲ್ಲ. ಆ ಚೀಟಿ ಮುಂದಿನ ಬಸಿರಿನಲ್ಲಿ ಎಂಟನೇ ವಾರಕ್ಕೇ ವೈದ್ಯರ ಮೇಜಿನ ಮೇಲಿದ್ದರೆ ಆಸ್ಪಿರಿನ್ ಬೇಕಾ ಎಂಬ ತೀರ್ಮಾನ 12ನೇ ವಾರಕ್ಕೆ ಆಗುತ್ತದೆ, 20–24 ವಾರಕ್ಕೆ ಗರ್ಭಕೋಶದ ರಕ್ತನಾಳದ ಡಾಪ್ಲರ್ ಆಗುತ್ತದೆ, ಬೆಳವಣಿಗೆ ಸ್ಕ್ಯಾನಿಂಗ್ 28ರಿಂದಲೇ ಮೂರು–ನಾಲ್ಕು ವಾರಕ್ಕೊಮ್ಮೆ ಶುರುವಾಗುತ್ತದೆ.